ಅಂಟಿದ ಕೀಲಿ ಮತ್ತು ಅಕ್ಷರಶುದ್ಧಿ



ವ್ರತ-ಉಪವಾಸಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಗಣಕಯಂತ್ರದ ಕೀಲಿಮಣೆಯ ಕೊಳೆಯನ್ನು ಕುರಿತು ಬರೆಯುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಇಂದು ನಮ್ಮ ಶ್ರಾವಕರ ಮನೆಗಳಲ್ಲಿ ಪರ್ವತಿಥಿಯನ್ನು ನೋಡುವುದು, ದೂರದೂರಿನಲ್ಲಿರುವ ಮಕ್ಕಳು ಮನೆಯವರೊಡನೆ ಸ್ವಾಧ್ಯಾಯದಲ್ಲಿ ಕೂಡಿಕೊಳ್ಳುವುದು, ಅಜ್ಜನ ಕಾಲದ ಕೈಬರಹದ ಪೂಜಾಪಾಠವನ್ನು ಅಚ್ಚಿಗೆ ಅಣಿಗೊಳಿಸುವುದು, ಇವೆಲ್ಲವೂ ಆ ಮಣೆಯ ಮೇಲೆಯೇ ನಡೆಯುತ್ತಿವೆ. ಯಾವ ವಸ್ತುವಿನ ಮೂಲಕ ಶ್ರುತದ ಅಕ್ಷರಗಳು ಹಾದುಹೋಗುತ್ತವೆಯೋ, ಯಾವ ವಸ್ತುವಿನ ಸಂದಿಗಳಲ್ಲಿ ಇರುವೆಗಳು ಮನೆ ಮಾಡಿಕೊಳ್ಳುತ್ತವೆಯೋ, ಆ ವಸ್ತುವಿನ ವಿಷಯದಲ್ಲಿ ವ್ರತಿಕನು ಉದಾಸೀನನಾಗಿರುವುದು ಯೋಗ್ಯವಲ್ಲ.

ಕೀಲಿ ಅಂಟುವುದು ಎಂದರೇನು? ಒತ್ತಿದ ಕೀಲಿಯು ಕೂಡಲೇ ಮೇಲೇಳದೆ ಕೆಳಗೇ ನಿಂತರೆ, ಬೆರಳು ಇನ್ನೂ ಅಲ್ಲಿಯೇ ಇದೆಯೆಂದು ಯಂತ್ರವು ಗ್ರಹಿಸಿ ಒಂದೇ ಅಕ್ಷರವನ್ನು ಸಾಲಾಗಿ ಬರೆಯುತ್ತ ಹೋಗುತ್ತದೆ. ಒಳಗಿನ ಸಂಪರ್ಕಸ್ಥಾನದಲ್ಲಿ ಕೊಳೆ ಸೇರಿದ್ದರೆ ಒಮ್ಮೆ ಒತ್ತಿದ್ದಕ್ಕೆ ಎರಡು ಬಾರಿ ಬರೆಯುವುದುಂಟು. ಅಂಟು ಒಣಗಿ ಗಟ್ಟಿಯಾಗಿ ಕೀಲಿಯು ಪೂರ್ತಿ ಕೆಳಗಿಳಿಯದಿದ್ದರೆ ಅಕ್ಷರವೇ ಬೀಳುವುದಿಲ್ಲ. ಮೊದಲನೆಯದು ಅಧಿಕಾಕ್ಷರದ ದೋಷ, ಕಡೆಯದು ಹೀನಾಕ್ಷರದ ದೋಷ. ಈ ಎರಡು ಹೆಸರುಗಳನ್ನು ಕೇಳಿದೊಡನೆ ಆಗಮಾಭ್ಯಾಸಿಗಳಿಗೆ ಗಿರಿನಗರದ ಚಂದ್ರಗುಹೆಯ ವೃತ್ತಾಂತವು ನೆನಪಿಗೆ ಬರದಿರದು.

ಶ್ರೀ ಧರಸೇನಾಚಾರ್ಯರು ಅಲ್ಲಿ ವೃದ್ಧಾಪ್ಯದಲ್ಲಿದ್ದರು. ತಮ್ಮೊಡನೆಯೇ ಶ್ರುತವು ವಿಚ್ಛಿನ್ನವಾಗಿ ಹೋದೀತೆಂಬ ಚಿಂತೆಯಿಂದ ದಕ್ಷಿಣಾಪಥದ ಆಚಾರ್ಯರ ಬಳಿಗೆ ಲೇಖವನ್ನು ಕಳುಹಿಸಿದರು. ಆಂಧ್ರದೇಶದ ವೇಣಾತೀರದಿಂದ ಇಬ್ಬರು ಮುನಿಗಳು ಬಂದರು. ಇವರು ಶ್ರುತವನ್ನು ಧರಿಸಲು ಶಕ್ತರೇ ಎಂಬುದನ್ನು ಆಚಾರ್ಯರು ಹೇಗೆ ಪರೀಕ್ಷಿಸಿದರು? ಒಬ್ಬೊಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟು, ಷಷ್ಠೋಪವಾಸದಿಂದ, ಎಂದರೆ ಎರಡು ದಿನಗಳ ಉಪವಾಸದಿಂದ, ಸಾಧಿಸಿರೆಂದು ಹೇಳಿದರು. ಒಂದು ವಿದ್ಯೆಯಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಮುನಿಗಳು ಉಪವಾಸದಿಂದಿದ್ದು ಸಾಧಿಸಿದಾಗ ವಿದ್ಯಾದೇವತೆಗಳು ಕಾಣಿಸಿಕೊಂಡರು. ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಮತ್ತೊಬ್ಬಳಿಗೆ ಕಣ್ಣೊಂದೇ ಇತ್ತು. ಮುನಿಗಳು ಬೆದರಲಿಲ್ಲ, ಸಿದ್ಧಿಯಾಯಿತೆಂದು ಹಿಗ್ಗಲೂ ಇಲ್ಲ. ವಿಕೃತವಾದ ಅಂಗವು ದೇವತೆಗಳ ಸ್ವಭಾವವಲ್ಲ, ಆದ್ದರಿಂದ ದೋಷವು ಅಕ್ಷರದಲ್ಲಿರಬೇಕೆಂದು ವಿಚಾರಮಾಡಿ, ಮಂತ್ರವ್ಯಾಕರಣದ ಬಲದಿಂದ ಹೆಚ್ಚಿನ ಅಕ್ಷರವನ್ನು ತೆಗೆದು, ಕಡಿಮೆಯಾದುದನ್ನು ತುಂಬಿ, ಪುನಃ ಜಪಿಸಿದರು. ದೇವತೆಗಳು ಸಹಜರೂಪದಿಂದ ಕಾಣಿಸಿಕೊಂಡರು. ಈ ವಿಷಯವನ್ನು ಅರಿಕೆಮಾಡಿದಾಗ ಆಚಾರ್ಯರು ಪ್ರಸನ್ನರಾಗಿ ಶುಭದಿನದಲ್ಲಿ ಪಾಠವನ್ನಾರಂಭಿಸಿದರು. ಇವರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಪುಷ್ಪದಂತರು ಆಮೇಲೆ ನಮ್ಮ ಬನವಾಸಿಯ ನಾಡಿಗೆ ಬಂದು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿದರೆಂಬುದು ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ.

ಈ ವೃತ್ತಾಂತವನ್ನು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಎರಡು ದಿನ ನಿರಾಹಾರರಾಗಿದ್ದ ತಪಸ್ವಿಗಳ ಉಪವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ, ಭಕ್ತಿಯಲ್ಲಿಯೂ ಇರಲಿಲ್ಲ. ಆದರೂ ಒಂದು ಅಕ್ಷರದ ಏರುಪೇರಿನಿಂದ ಫಲವು ವಿಕಾರಗೊಂಡಿತು. ಜ್ಞಾನಾಚಾರದ ಎಂಟು ಅಂಗಗಳನ್ನು ಮೂಲಾಚಾರವು ಹೇಳುವಾಗ ಕಾಲ, ವಿನಯ, ಉಪಧಾನ, ಬಹುಮಾನ ಮುಂತಾದವುಗಳ ಜೊತೆಗೆ ವ್ಯಂಜನಶುದ್ಧಿಯನ್ನು, ಎಂದರೆ ಅಕ್ಷರದ ಶುದ್ಧಿಯನ್ನು, ಬೇರೆಯಾಗಿಯೇ ಎಣಿಸಿದೆ. ಅರ್ಥ ತಿಳಿದರೆ ಸಾಕು, ಅಕ್ಷರ ಹೇಗಿದ್ದರೇನು ಎಂಬ ಮಾತಿಗೆ ಅಲ್ಲಿ ಅವಕಾಶವಿಲ್ಲ.

ಕನ್ನಡದ ಬರಹದಲ್ಲಿ ಅಂಟಿದ ಒಂದು ಕೀಲಿಯು ಏನು ಮಾಡಬಲ್ಲದೆಂಬುದನ್ನು ನೋಡಿರಿ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ, ನುಡಿ ತಂತ್ರಾಂಶದ ಮೂಲಕ ನಮ್ಮ ನಾಡಿನಲ್ಲಿ ಬಳಕೆಗೆ ಬಂದ ಕೀಲಿಮಣೆಯಲ್ಲಿ ಇಂಗ್ಲಿಷಿನ ಎಫ್ ಎಂಬ ಕೀಲಿಯು ಒತ್ತಕ್ಷರವನ್ನು ಕೂಡಿಸುತ್ತದೆ. ಅದೊಂದು ಬೀಳದಿದ್ದರೆ 'ಕರ್ಮ'ವು 'ಕರಮ'ವಾಗುತ್ತದೆ, 'ಸಮ್ಯಕ್ತ್ವ'ವು 'ಸಮಯಕತವ'ವಾಗುತ್ತದೆ. ಷಿಫ್ಟ್ ಎಂಬ ಕೀಲಿಯು ಕೆಲಸಮಾಡದಿದ್ದರೆ ಮಹಾಪ್ರಾಣಗಳು ಹೋಗಿ 'ಭವ'ವು 'ಬವ'ವಾಗುತ್ತದೆ, 'ಗುಣ'ವು 'ಗುನ'ವಾಗುತ್ತದೆ. ಇವು ಕಣ್ಣಿಗೆ ಕಾಣುವ ತಪ್ಪುಗಳು. ಓದುವವನು ನಕ್ಕು ತಿದ್ದಿಕೊಳ್ಳುತ್ತಾನೆ.

ಭಯವಿರುವುದು ಎಡಗಡೆಯ ಅಂಚಿನಲ್ಲಿರುವ ಎ ಎಂಬ ಕೀಲಿಯಲ್ಲಿ. ನಮ್ಮ 'ಅ'ಕಾರವು ಅಲ್ಲಿದೆ. ಆ ಕೀಲಿಯ ಕೆಳಗೆ ಒಂದು ಹನಿ ಸಿಹಿಚಹಾ ಒಣಗಿ, ಐದು ಬಾರಿ ಒತ್ತಿದರೆ ಒಂದು ಬಾರಿ ಬೀಳದೆ ಹೋದರೆ ಏನಾಗುತ್ತದೆ? 'ಅಜೀವ' ಎಂದು ಬರೆದುದು 'ಜೀವ' ಎಂದಾಗುತ್ತದೆ. 'ಅಭವ್ಯ'ನು 'ಭವ್ಯ'ನಾಗುತ್ತಾನೆ. 'ಅಸಂಯತ'ನು 'ಸಂಯತ'ನಾಗುತ್ತಾನೆ. 'ಅಹಿಂಸೆ' ಎಂಬಲ್ಲಿ 'ಹಿಂಸೆ' ಎಂದು ಅಚ್ಚಾಗುತ್ತದೆ. ಈ ಜೋಡಿಗಳಲ್ಲಿ ಎರಡೂ ಶುದ್ಧವಾದ ಶಬ್ದಗಳೇ ಆದ್ದರಿಂದ ಕಾಗುಣಿತವನ್ನು ಪರೀಕ್ಷಿಸುವ ತಂತ್ರಾಂಶವು ತಪ್ಪೆಂದು ಗುರುತು ಹಾಕುವುದಿಲ್ಲ. ಪಾಠವನ್ನು ಬಲ್ಲವನು ಮಾತ್ರ ಗುರುತಿಸಬಲ್ಲನು, ಅವನೂ ಅವಸರದಲ್ಲಿದ್ದರೆ ಗುರುತಿಸಲಾರನು. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಳಟೀಕೆಯ ಮೊದಲ ಸಂಪುಟವು ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಅಚ್ಚಾಗಿ, ಹದಿನಾರು ಸಂಪುಟಗಳು ಮುಗಿಯುವ ವೇಳೆಗೆ ೧೯೫೮ ಆಗಿತ್ತು. ಒಂದೊಂದು ಅಕ್ಷರಕ್ಕಾಗಿ ಪ್ರತಿಗಳನ್ನು ಹೋಲಿಸಿ ನೋಡಿದ ಆ ಶ್ರಮದ ಮುಂದೆ, ನಮ್ಮ ಕಾಲದ ಲಿಪಿಕಾರನು ಒಂದು ಕೀಲಿಯನ್ನು ತೊಳೆದುಕೊಳ್ಳುವ ಶ್ರಮವು ಎಷ್ಟರದು?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೀಲಿ ಅಂಟಿದೆಯೆಂದು ತೋರಿದಾಗಲೆಲ್ಲ ಅಲ್ಲಿ ಅಂಟಿರಬೇಕೆಂಬ ನಿಯಮವಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಷಿಫ್ಟ್ ಕೀಲಿಯನ್ನು ಒಂದರ ಹಿಂದೊಂದಾಗಿ ಐದು ಬಾರಿ ಒತ್ತಿದರೆ 'ಸ್ಟಿಕಿ ಕೀಸ್' ಎಂಬ ಸೌಲಭ್ಯವನ್ನು ಜಾರಿಗೊಳಿಸಬೇಕೇ ಎಂದು ಯಂತ್ರವು ಕೇಳುತ್ತದೆ. ಒಪ್ಪಿಬಿಟ್ಟರೆ ಷಿಫ್ಟನ್ನು ಒತ್ತಿ ಬಿಟ್ಟ ಮೇಲೆಯೂ ಅದರ ಪರಿಣಾಮವು ಮುಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾರದವರಿಗೆ, ಕೈನಡುಕವಿರುವ ವೃದ್ಧರಿಗೆ ಇದು ಉಪಕಾರವಾಗಲೆಂದು ಮಾಡಿದ ಏರ್ಪಾಡು. ತಿಳಿಯದೆ ಒಪ್ಪಿದವರು ನಿರ್ದೋಷಿಯಾದ ಕೀಲಿಯನ್ನು ಕಿತ್ತು ಮುರಿದುಕೊಳ್ಳುತ್ತಾರೆ. ಆದುದರಿಂದ ಮೊದಲು ಆ ಸೌಲಭ್ಯವು ಜಾರಿಯಲ್ಲಿದೆಯೇ ಎಂದು ನೋಡಿ, ಅನಂತರ ಖಾಲಿ ಪುಟವೊಂದನ್ನು ತೆರೆದು ಕೀಲಿಗಳನ್ನು ಒಂದೊಂದಾಗಿ ಒತ್ತಿ, ಯಾವುದು ಬೀಳುವುದಿಲ್ಲ, ಯಾವುದು ಎರಡು ಬೀಳುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಚಂದ್ರಗುಹೆಯ ಮುನಿಗಳು ಮೊದಲು ಮಾಡಿದುದೂ ವಿಚಾರವನ್ನೇ.

ಇನ್ನು ಅಂಟಿನ ಸ್ವರೂಪ. ನಮ್ಮಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳಿಗೆ ಕಷಾಯವೆಂಬ ಹೆಸರು ಏಕೆ ಬಂದಿತು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ಇದನ್ನು ಬಿಡಿಸಿ, ಆಲ ಮೊದಲಾದ ಮರಗಳ ಕಷಾಯರಸವು ವಸ್ತುಗಳನ್ನು ಅಂಟಿಸುವಂತೆ ಕ್ರೋಧಾದಿಗಳು ಆತ್ಮನಿಗೆ ಕರ್ಮವನ್ನು ಅಂಟಿಸುತ್ತವೆಯೆಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ. ಕುಂದಕುಂದಾಚಾರ್ಯರು ಸಮಯಸಾರದ ಬಂಧಾಧಿಕಾರದಲ್ಲಿ, ಮೈಗೆ ಎಣ್ಣೆ ಹಚ್ಚಿಕೊಂಡು ಧೂಳಿನ ನೆಲದಲ್ಲಿ ಆಯುಧದ ಅಭ್ಯಾಸಮಾಡುವವನ ದೃಷ್ಟಾಂತವನ್ನು ಕೊಡುತ್ತಾರೆ. ಅವನಿಗೆ ಧೂಳು ಅಂಟಲು ಕಾರಣ ಅವನ ಕೈಕಾಲುಗಳ ಚಲನೆಯೂ ಅಲ್ಲ, ಧೂಳಿನ ನೆಲವೂ ಅಲ್ಲ, ಮೈಮೇಲಿನ ಎಣ್ಣೆ. ಎಣ್ಣೆಯಿಲ್ಲದವನು ಅದೇ ಸ್ಥಳದಲ್ಲಿ ಅದೇ ವ್ಯಾಯಾಮವನ್ನು ಮಾಡಿದರೆ ಧೂಳು ನಿಲ್ಲುವುದಿಲ್ಲ. ಎಣ್ಣೆಗೂ ಅನುರಾಗಕ್ಕೂ ಸ್ನೇಹವೆಂಬ ಒಂದೇ ಶಬ್ದವಿರುವುದನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಕೀಲಿಮಣೆಯಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಒಣಧೂಳು ಬಿದ್ದರೆ ಮಗುಚಿ ತಟ್ಟಿದಾಗ ಉದುರುತ್ತದೆ. ಸಿಹಿ, ಜಿಡ್ಡು, ಹಾಲು ಇವು ಬಿದ್ದರೆ ಅದೇ ಧೂಳು ಅಲ್ಲಿ ಕೆಸರಾಗಿ ನಿಲ್ಲುತ್ತದೆ. ಸಕ್ಕರೆ ಬೆಲ್ಲಗಳಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವವಿರುವುದರಿಂದ, ಬೇಸಗೆಯಲ್ಲಿ ಚಕ್ಕೆಯಾಗಿ ಸುಮ್ಮನಿದ್ದ ಅಂಟು ಆಷಾಢ ಶ್ರಾವಣಗಳಲ್ಲಿ ಪಾಕದಂತೆ ಜಿಗುಟಾಗುತ್ತದೆ. ಕರಾವಳಿಯವರೂ ಮಲೆನಾಡಿನವರೂ ಇದನ್ನು ಚೆನ್ನಾಗಿ ಬಲ್ಲರು. ಆದರೂ ದೃಷ್ಟಾಂತವನ್ನು ಎಲ್ಲ ಅಂಶಗಳಲ್ಲಿಯೂ ಎಳೆಯಬಾರದು. ಆಪಲ್ ಸಂಸ್ಥೆಯು ೨೦೧೫ರಲ್ಲಿ ತಂದ, ಚಿಟ್ಟೆಯ ಹೆಸರಿನ ತೆಳುವಾದ ಕೀಲಿಗಳು ಒಣಧೂಳಿಗೇ ತೊಡಕಿಕೊಳ್ಳುತ್ತಿದ್ದವು. ೨೦೧೮ರಲ್ಲಿ ಆ ಸಂಸ್ಥೆಯು ಅವುಗಳನ್ನು ಉಚಿತವಾಗಿ ದುರಸ್ತಿಮಾಡಿಕೊಡುವ ಏರ್ಪಾಡನ್ನು ಪ್ರಕಟಿಸಿ, ೨೦೧೯ರಿಂದ ಹಳೆಯ ಕತ್ತರಿಯಾಕಾರದ ರಚನೆಗೆ ಮರಳಬೇಕಾಯಿತು. ಎಡೆಯು ಅತಿ ಕಿರಿದಾದಲ್ಲಿ ಸ್ನೇಹವಿಲ್ಲದ ಧೂಳೂ ತಡೆಯಾಗುತ್ತದೆ.

ಅಂಟು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯು ನೇರವಾಗಿ ನಮ್ಮ ವ್ರತಗಳನ್ನು ಮುಟ್ಟುತ್ತದೆ. ಯಂತ್ರದ ಮುಂದೆ ಕುಳಿತು ತಿನ್ನುವುದರಿಂದ ಬರುತ್ತದೆ, ಹೆಚ್ಚಾಗಿ ರಾತ್ರಿಯಲ್ಲಿ ತಿನ್ನುವುದರಿಂದ. ಅನಸ್ತಮಿತ ವ್ರತವುಳ್ಳ ಮನೆಯಲ್ಲಿ, ಸೂರ್ಯನಿರುವಾಗಲೇ ಊಟಮುಗಿಸಿ ಕೈತೊಳೆದು ಏಳುವವನ ಕೀಲಿಮಣೆಯಲ್ಲಿ ಚಕ್ಕುಲಿಯ ಪುಡಿ ಎಲ್ಲಿಂದ ಬರಬೇಕು? ಮೌನದಿಂದ, ನೋಡಿ, ಒಂದೆಡೆ ಕುಳಿತು ಉಣ್ಣಬೇಕೆಂದು ಹಿರಿಯರು ಹೇಳಿದುದನ್ನು ಕಟ್ಟುನಿಟ್ಟಿನ ಮಾತೆಂದು ಇಂದಿನ ಯುವಕರು ಭಾವಿಸುತ್ತಾರೆ. ಬೆಳಗುವ ತೆರೆಯ ಮುಂದೆ, ತೆರೆಯ ಬೆಳಕಿಗೆ ಬಂದ ಹುಳುಗಳ ನಡುವೆ, ತಟ್ಟೆಯನ್ನು ನೋಡದೆಯೇ ತಿನ್ನುವವನು ಏನನ್ನು ತಿಂದನೆಂಬುದು ಅವನಿಗೇ ತಿಳಿಯದು. ಮಾರನೆಯ ದಿನ ಇರುವೆಗಳಿಗೆ ತಿಳಿಯುತ್ತದೆ.

ಆ ಇರುವೆಗಳ ವಿಷಯವೇ ಇಲ್ಲಿ ಮುಖ್ಯವಾದುದು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕ್ರಮದಂತೆ ಇರುವೆಯು ಮೂರು ಇಂದ್ರಿಯಗಳ ಜೀವ. ಸ್ಪರ್ಶನ, ರಸನಗಳ ಮೇಲೆ ಘ್ರಾಣವು ಅದಕ್ಕೆ ಕೂಡಿದೆ. ವಾಸನೆಯ ಜಾಡನ್ನು ಹಾಸಿಕೊಂಡು ಒಂದರ ಹಿಂದೊಂದು ನಡೆಯುವ ಅವು ಕೀಲಿಯ ಕೆಳಗಿನ ಸಿಹಿಯನ್ನು ತಲುಪುತ್ತವೆ. ಮೇಲಿನಿಂದ ಬೆರಳು ಬೀಳುತ್ತದೆ. ಬರೆಯುವವನು ಬರೆಯುತ್ತಿರುವುದು ಪ್ರತಿಕ್ರಮಣದ ಪಾಠವೇ ಆಗಿರಬಹುದು.

ಇಲ್ಲಿ ಕೆಲವರು ಕೇಳುತ್ತಾರೆ: ಕಾಣದೆ ಒಳಗಿದ್ದ ಇರುವೆ ಸತ್ತರೆ ನನಗೇನು ದೋಷ? ನಾನು ಕೊಲ್ಲಬೇಕೆಂದು ಒತ್ತಲಿಲ್ಲವಲ್ಲ? ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಪ್ರಾಣಘಾತಕ್ಕಿಂತ ಮೊದಲು ಪ್ರಮತ್ತಯೋಗವನ್ನು ಇರಿಸಿದ್ದಾರೆ. ಪ್ರವಚನಸಾರದ ತಾತ್ಪರ್ಯವೂ ಅದೇ: ಜೀವವು ಸಾಯಲಿ ಬದುಕಲಿ, ಯತ್ನವಿಲ್ಲದವನಿಗೆ ಹಿಂಸೆಯು ನಿಶ್ಚಿತ, ಸಮಿತಿಯಿಂದ ನಡೆಯುವವನಿಗೆ ಘಾತಮಾತ್ರದಿಂದ ಬಂಧವಿಲ್ಲ. ಆದುದರಿಂದ ಒತ್ತಿದ ಕ್ಷಣವನ್ನಷ್ಟೇ ನೋಡಿ ತೀರ್ಮಾನಿಸಲಾಗದು. ಕೀಲಿಮಣೆಯ ಪಕ್ಕದಲ್ಲಿ ಲೋಟವನ್ನಿಟ್ಟ ಕ್ಷಣ, ಚೆಲ್ಲಿದಾಗ ಮೇಲ್ಮೈಯನ್ನಷ್ಟೇ ಒರೆಸಿ ಆಯಿತೆಂದುಕೊಂಡ ಕ್ಷಣ, ಅಂಟಿದೆಯೆಂದು ತಿಳಿದೂ ಜೋರಾಗಿ ಒತ್ತಿದರಾಯಿತೆಂದು ತಿಂಗಳುಗಟ್ಟಲೆ ಬಿಟ್ಟ ಕ್ಷಣಗಳು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಜೋರಾಗಿ ಒತ್ತಿದ ಬೆರಳಿಗಿಂತ ಆ ಉಪೇಕ್ಷೆಯೇ ದೊಡ್ಡದು.

ಮುನಿಗಳಿಗೆ ಆದಾನನಿಕ್ಷೇಪಣ ಸಮಿತಿಯಿದೆ. ಶಾಸ್ತ್ರವನ್ನಾಗಲಿ ಕಮಂಡಲುವನ್ನಾಗಲಿ ಎತ್ತುವಾಗ ಇಡುವಾಗ ಕಣ್ಣಿನಿಂದ ನೋಡಿ ಪಿಂಛಿಯಿಂದ ಮೃದುವಾಗಿ ಮಾರ್ಜಿಸುತ್ತಾರೆ. ನವಿಲುಗರಿಯನ್ನೇ ಏಕೆ ಆರಿಸಿದರು? ಅದು ಧೂಳನ್ನು ಹಿಡಿಯುವುದಿಲ್ಲ, ಬೆವರನ್ನು ಹೀರುವುದಿಲ್ಲ, ಮೃದುವಾಗಿದೆ, ಸುಕುಮಾರವಾಗಿದೆ, ಹಗುರವಾಗಿದೆ ಎಂದು ಮೂಲಾಚಾರದಲ್ಲಿ ಐದು ಗುಣಗಳನ್ನು ಎಣಿಸಿದ್ದಾರೆ. ಗೃಹಸ್ಥನಿಗೆ ಪಿಂಛಿಯಿಲ್ಲ. ಆದರೆ ಕೀಲಿಮಣೆಗೆ ಬ್ರಷ್ ಕೊಳ್ಳುವಾಗ ಈ ಐದನ್ನು ನೆನೆದು, ಪ್ರಾಣಿಯ ಕೂದಲಿನದಲ್ಲದ, ಮೆತ್ತನೆಯ, ಜಿಡ್ಡು ಹಿಡಿಯದ ಒಂದನ್ನು ಆರಿಸಿಕೊಳ್ಳಲು ಅಡ್ಡಿಯೇನು?

ಈಗ ಶುದ್ಧಿಯ ಕ್ರಮ. ಹಗಲಿನಲ್ಲಿಯೇ ಮಾಡಬೇಕು. ಯಂತ್ರವನ್ನು ಆರಿಸಿ, ಕೀಲಿಮಣೆಯ ತಂತಿಯನ್ನು ಬಿಚ್ಚಿ, ಲ್ಯಾಪ್‌ಟಾಪ್ ಆದರೆ ವಿದ್ಯುತ್ತಿನ ತಂತಿಯನ್ನೂ ತೆಗೆದು, ಒಳಗೆ ಇರುವೆಗಳಿವೆಯೇ ಎಂದು ಮೊದಲು ನೋಡಬೇಕು. ಇದ್ದರೆ ತಟ್ಟಬಾರದು, ಊದಬಾರದು, ನೀರು ತಾಗಿಸಬಾರದು. ಇರುವೆಸಾಲಿನಿಂದ ದೂರ, ನೆರಳಿನ ಅಂಗಳದಲ್ಲಿ ಬಿಳಿಯ ಕಾಗದದ ಮೇಲೆ ಓರೆಯಾಗಿ ನಿಲ್ಲಿಸಿ, ಆಚೆಗೆ ಚಿಟಿಕೆ ಸಕ್ಕರೆಯನ್ನಿಟ್ಟರೆ ಕ್ರಮೇಣ ಹೊರಟುಹೋಗುತ್ತವೆ. ಅರ್ಧದಿನ ಹಿಡಿಯಬಹುದು, ಒಂದು ದಿನವೇ ಹಿಡಿಯಬಹುದು. ಕೆಲಸಕ್ಕೆ ಅವಸರವಿದೆಯೆಂಬವರು ಬೇರೆ ಕೀಲಿಮಣೆಯನ್ನು ಬಳಸಿಕೊಳ್ಳಲಿ. ಅಂಗಡಿಯಲ್ಲಿ ಸಿಗುವ ಗಾಳಿಯ ಡಬ್ಬಿಯಲ್ಲಿರುವುದು ಬರಿಯ ಗಾಳಿಯಲ್ಲ, ಒತ್ತಡದಿಂದ ದ್ರವವಾದ ರಾಸಾಯನಿಕ ಅನಿಲ. ಡಬ್ಬಿಯನ್ನು ಮಗುಚಿ ಹಿಡಿದರೆ ಅತಿಶೀತಲವಾದ ದ್ರವವೇ ಹೊರಬಂದು ಮುಟ್ಟಿದ ಜೀವವನ್ನು ಹೆಪ್ಪುಗಟ್ಟಿಸುತ್ತದೆ. ಛಾಯಾಗ್ರಾಹಕರು ಬಳಸುವ, ಕೈಯಿಂದ ಅಮುಕುವ ರಬ್ಬರಿನ ಊದುಬುರುಡೆಯು ನಮ್ಮ ಮನೆಗಳಿಗೆ ಸಾಕು.

ಜೀವಗಳಿಲ್ಲವೆಂದು ಖಚಿತವಾದ ಮೇಲೆ ಮಗುಚಿ ಮೆಲ್ಲಗೆ ತಟ್ಟಿ, ಬ್ರಷ್‌ನಿಂದ ಸಂದಿಗಳನ್ನು ಸವರಬೇಕು. ಮೇಜಿನ ಮೇಲಿಡುವ ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಯ ಮುಚ್ಚಳವನ್ನು ಮೇಲಕ್ಕೆ ಎತ್ತಿ ತೆಗೆಯಬಹುದು. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆಗೆದಿಟ್ಟುಕೊಂಡರೆ ಯಾವುದು ಎಲ್ಲಿತ್ತೆಂಬ ಗೊಂದಲವಿಲ್ಲ. ಉದ್ದನೆಯ ಸ್ಪೇಸ್, ಎಂಟರ್, ಷಿಫ್ಟ್ ಕೀಲಿಗಳ ಕೆಳಗೆ ಕೆಲವೆಡೆ ಲೋಹದ ಸಣ್ಣ ತಂತಿಯ ಆಧಾರವಿರುತ್ತದೆ. ಅವುಗಳನ್ನು ಎಳೆಯುವಾಗ ನಿಧಾನ ಬೇಕು. ಲ್ಯಾಪ್‌ಟಾಪಿನ ಕೀಲಿಗಳನ್ನು ಅನುಭವವಿಲ್ಲದವರು ಎಬ್ಬಬಾರದು. ಕೆಳಗಿನ ಕತ್ತರಿಯಂಥ ಸಣ್ಣ ಕೊಂಡಿಗಳು ಮುರಿದರೆ ಕೂಡಿಸುವುದು ಕಷ್ಟ.

ತೆಗೆದ ಮುಚ್ಚಳಗಳನ್ನು ಸೋಸಿದ ಉಗುರುಬೆಚ್ಚನೆಯ ನೀರಿನಲ್ಲಿ ಅಂಟವಾಳಕಾಯಿಯ ನೊರೆಯನ್ನು ಬೆರಸಿ ಸ್ವಲ್ಪ ಹೊತ್ತು ನೆನೆಯಿಟ್ಟು ಉಜ್ಜಿದರೆ ಜಿಡ್ಡು ಬಿಡುತ್ತದೆ. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಎಂದರೆ ೪೮ ನಿಮಿಷ, ಎಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಎಷ್ಟು ಬೇಕೋ ಅಷ್ಟೇ ನೀರು, ಒಂದು ಬಟ್ಟಲು. ಪ್ರಯೋಜನವಿಲ್ಲದೆ ನೀರು ಚೆಲ್ಲುವುದನ್ನೂ ಗಾಳಿಯಾಡಿಸುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ತೊಳೆದವುಗಳನ್ನು ನೆರಳಿನಲ್ಲಿ ಒಂದು ಇಡೀ ದಿನ ಆರಿಸಬೇಕು. ಬಿರುಬಿಸಿಲು ಪ್ಲಾಸ್ಟಿಕ್ಕನ್ನು ಸೊಟ್ಟಗೊಳಿಸೀತು.

ಮುಚ್ಚಳದ ಕೆಳಗಿನ ಭಾಗಕ್ಕೆ ನೀರನ್ನು ಸುರಿಯುವಂತಿಲ್ಲ. ಸಾಮಾನ್ಯ ಕೀಲಿಮಣೆಯೊಳಗೆ ರಬ್ಬರಿನ ಗುಬ್ಬಿಗಳೂ ಅವುಗಳ ಕೆಳಗೆ ಮೂರು ಪದರದ ತೆಳುಹಾಳೆಗಳೂ ಇರುತ್ತವೆ. ಮೇಲಿನ ಕೆಳಗಿನ ಹಾಳೆಗಳಲ್ಲಿ ವಿದ್ಯುತ್ತು ಹರಿಯುವ ಗೆರೆಗಳು, ನಡುವಿನ ಹಾಳೆಯಲ್ಲಿ ರಂಧ್ರಗಳು. ಒತ್ತಿದಾಗ ರಂಧ್ರದ ಮೂಲಕ ಮೇಲಿನದು ಕೆಳಗಿನದನ್ನು ಮುಟ್ಟಿ ಅಕ್ಷರವು ಹುಟ್ಟುತ್ತದೆ. ಹಾಳೆಗಳ ನಡುವೆ ಚಹಾ ಇಳಿದಿದ್ದರೆ ಹೊರಗೆ ಎಷ್ಟು ಒರೆಸಿದರೂ ಫಲವಿಲ್ಲ. ತಿರುಪುಗಳನ್ನು ಬಿಚ್ಚಿ, ಹಾಳೆಗಳನ್ನು ಒದ್ದೆಯೆನಿಸದಷ್ಟು ತೇವದ ಬಟ್ಟೆಯಿಂದ ಗೆರೆಗಳು ಸವೆಯದಂತೆ ಒರೆಸಿ ಒಣಗಿಸಬೇಕಾಗುತ್ತದೆ. ಕೈಗೆ ಅಭ್ಯಾಸವಿಲ್ಲದವರು ಬಲ್ಲವರಿಗೆ ಒಪ್ಪಿಸುವುದು ಮೇಲು. ಲ್ಯಾಪ್‌ಟಾಪಿಗೆ ಹಾಲುಚಹಾ ಚೆಲ್ಲಿದಾಗಲಂತೂ ಮೊದಲು ವಿದ್ಯುತ್ತನ್ನು ತಪ್ಪಿಸಿ, ಬೋರಲು ಹಾಕಿ, ಮತ್ತೆ ಹಚ್ಚಿ ನೋಡುವ ಕುತೂಹಲವನ್ನು ಅಡಗಿಸಿ ದುರಸ್ತಿಯವರ ಬಳಿಗೆ ಒಯ್ಯಬೇಕು.

ದುರಸ್ತಿಯವರು ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ದ್ರವವನ್ನು ಬಳಸುತ್ತಾರೆ. ಮದ್ಯತ್ಯಾಗವು ಅಷ್ಟಮೂಲಗುಣಗಳಲ್ಲಿ ಒಂದಾಗಿರುವಾಗ ಆ ಹೆಸರಿನ ವಸ್ತುವನ್ನು ಮನೆಗೆ ತರಬಹುದೇ ಎಂಬ ಶಂಕೆಯು ಸಹಜ. ಮದ್ಯವನ್ನು ನಿಷೇಧಿಸಿದುದು ಅದು ಕೊಳೆಯಿಸಿದ ರಸವಾದ್ದರಿಂದ ಅಸಂಖ್ಯ ಜೀವಗಳ ಯೋನಿಯೆಂದೂ, ಮನಸ್ಸನ್ನು ಮೋಹಗೊಳಿಸುವುದೆಂದೂ. ಈ ದ್ರವವನ್ನು ಹೆಚ್ಚಾಗಿ ಪೆಟ್ರೋಲಿಯಂನಿಂದ ದೊರೆಯುವ ಪ್ರೊಪಿಲೀನ್ ಎಂಬ ಅನಿಲಕ್ಕೆ ನೀರನ್ನು ಕೂಡಿಸಿ ತಯಾರಿಸುತ್ತಾರೆ. ಕೊಳೆಯಿಸುವ ಕ್ರಿಯೆ ಅಲ್ಲಿಲ್ಲ, ಕುಡಿಯುವ ವಸ್ತುವೂ ಅದಲ್ಲ, ಕುಡಿದರೆ ವಿಷ. ಆದ್ದರಿಂದ ಹೆಸರೊಂದರಿಂದಲೇ ದೋಷವನ್ನು ಆರೋಪಿಸುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಆದರೂ ತಾನು ಕೈಗೊಂಡ ನಿಯಮದಲ್ಲಿ ಸೂಕ್ಷ್ಮವುಳ್ಳವನು ಗುರುಗಳನ್ನು ಕೇಳಿ ನಡೆಯಲಿ. ಇನ್ನೊಂದು ಮಾತು: ಆ ದ್ರವವು ಜಿಡ್ಡನ್ನು ಬಿಡಿಸಿ ಬೇಗ ಆರುತ್ತದೆ, ನಿಜ, ಆದರೆ ಸಕ್ಕರೆಯು ಕರಗುವುದು ನೀರಿನಲ್ಲಿಯೇ ಹೊರತು ಅಪ್ಪಟವಾದ ಆ ದ್ರವದಲ್ಲಿ ಕರಗುವುದು ತೀರ ಅಲ್ಪ. ಸಿಹಿಯ ಅಂಟಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಕೀಲಿಯ ಬುಡವನ್ನು ಎರಡು ಮೂರು ಬಾರಿ ಒರೆಸುವುದೇ ಮುಖ್ಯ ಉಪಾಯ. ಉಗುರಬಣ್ಣವನ್ನು ತೆಗೆಯುವ ದ್ರವವನ್ನು ಮಾತ್ರ ಹತ್ತಿರ ತರಬಾರದು, ಅದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಈ ಕೆಲಸವನ್ನು ಉಪವಾಸದ ದಿನ ಮಾಡಬಹುದೇ? ಅಷ್ಟಮಿ ಚತುರ್ದಶಿಗಳಂದು ಹೇಗೂ ಅಡುಗೆ ಊಟಗಳ ಕೆಲಸವಿಲ್ಲ, ಬಿಡುವಿದೆ, ಮನೆಯನ್ನೆಲ್ಲ ಗುಡಿಸಿ ಸಾರಿಸಿ ಯಂತ್ರವನ್ನೂ ತೊಳೆದರಾಯಿತು ಎಂದು ಹಲವರು ಯೋಚಿಸುತ್ತಾರೆ. ಇದು ಸಲ್ಲದು. ಉಪವಾಸದ ದಿನ ಆಹಾರದ ಜೊತೆಗೆ ಆರಂಭವನ್ನೂ ಬಿಡಬೇಕೆಂಬುದು ಸಮಂತಭದ್ರಾಚಾರ್ಯರ ಉಪದೇಶ. ಬಿಡುವು ದೊರೆತಿರುವುದು ಧ್ಯಾನ ಸ್ವಾಧ್ಯಾಯಗಳಿಗೆ. ತೊಳೆಯುವ ಕೆಲಸವನ್ನು ಧಾರಣೆಯ ದಿನಕ್ಕಿಂತ ಮೊದಲೇ ಮುಗಿಸಬೇಕು, ಏಕೆಂದರೆ ಆರಲು ಒಂದು ದಿನ ಬೇಕು.

ಆದರೆ ಉಪವಾಸದ ದಿನ ದೂರದವರೊಡನೆ ಸ್ವಾಧ್ಯಾಯಕ್ಕೆಂದು ಯಂತ್ರವನ್ನು ತೆರೆಯುವವನ ಕರ್ತವ್ಯವೇನು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರೋಷಧೋಪವಾಸದ ಐದು ಅತಿಚಾರಗಳನ್ನು ಓದುವಾಗ ಒಂದು ವಿಶೇಷವನ್ನು ಗಮನಿಸಬೇಕು. ವ್ರತವು ಆಹಾರತ್ಯಾಗದ್ದು. ಅತಿಚಾರಗಳಲ್ಲಿಯಾದರೋ ಆಹಾರದ ಹೆಸರೇ ಇಲ್ಲ. ನೋಡದೆ ಒರೆಸದೆ ಬಿಡುವುದು, ನೋಡದೆ ಒರೆಸದೆ ತೆಗೆದುಕೊಳ್ಳುವುದು, ನೋಡದೆ ಒರೆಸದೆ ಹಾಸುವುದು, ಐದರಲ್ಲಿ ಮೂರು ಇವೇ. ಉಳಿದೆರಡು ಅನಾದರ ಮತ್ತು ವಿಸ್ಮರಣೆ. ಹಸಿವಿನಿಂದ ಪೀಡಿತನಾದವನಿಗೆ ಆವಶ್ಯಕಕ್ರಿಯೆಗಳಲ್ಲಿ ಉತ್ಸಾಹ ಕುಂದುವುದೇ ಅನಾದರವೆಂದು ಪೂಜ್ಯಪಾದರ ವಿವರಣೆ. ಹೊಟ್ಟೆ ಖಾಲಿಯಾದಾಗ ತಿನ್ನದಿರುವುದಕ್ಕಿಂತಲೂ ಕಣ್ಣು ಕೈಗಳ ಎಚ್ಚರವನ್ನು ಕಾಪಾಡಿಕೊಳ್ಳುವುದು ಕಠಿಣವೆಂಬುದನ್ನು ಉಪವಾಸಮಾಡಿದವರೆಲ್ಲರೂ ಬಲ್ಲರು. ಆದುದರಿಂದ ಅಂದು ಮುಚ್ಚುಬಟ್ಟೆಯನ್ನು ತೆಗೆದು, ಬೆಳಕಿನಲ್ಲಿ ಸಾಲುಸಾಲಾಗಿ ಕೀಲಿಗಳ ಸಂದಿಯನ್ನು ನೋಡಿ, ಒಣ ಬ್ರಷ್‌ನಿಂದ ಹಗುರವಾಗಿ ಸವರಿ, ಅನಂತರವೇ ಬೆರಳನ್ನಿಡಬೇಕು. ಮುಗಿದ ಮೇಲೆ ಬಟ್ಟೆಯನ್ನು ಹೊದಿಸುವ ಮೊದಲು ಪುನಃ ಅದೇ ಕ್ರಮ.

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳ ಧೂಳು ತೆಗೆದು, ಎಳಬಿಸಿಲು ತೋರಿಸಿ, ಹೊಸ ವೇಷ್ಟನವನ್ನು ಸುತ್ತುವ ಪದ್ಧತಿಯಿದೆ. ಅದಕ್ಕೆ ಎರಡು ದಿನ ಮುಂಚೆ ಮನೆಯ ಕೀಲಿಮಣೆಯನ್ನೂ ಶುಚಿಗೊಳಿಸುವ ರೂಢಿಯನ್ನು ಹಾಕಿಕೊಂಡರೆ ಚೆನ್ನ. ಕೀಲಿಮಣೆಯು ಶಾಸ್ತ್ರವಲ್ಲ, ಅದಕ್ಕೆ ಅರ್ಘ್ಯವೇನೂ ಬೇಕಿಲ್ಲ. ನವರಾತ್ರಿಯಲ್ಲಿ ಅಂಗಡಿ ಕಚೇರಿಗಳವರು ಅರಿಸಿನ ಕುಂಕುಮಗಳನ್ನು ಯಂತ್ರದ ಮೇಲೆ ಎರಚಿ, ಆ ಪುಡಿಯೇ ಕೀಲಿಯ ಸಂದಿಗಿಳಿದು ಒಂದು ವಾರ ಪರದಾಡುವುದನ್ನು ನೋಡಿದ್ದೇವೆ. ಲೇಖನಿಯನ್ನು ಅಣಿಗೊಳಿಸಿಕೊಂಡು ಬರೆಯಲು ಕೂರುತ್ತಿದ್ದ ಲಿಪಿಕಾರನ ಶಿಸ್ತು ಸಾಕು.

ಶುಚಿಗೊಳಿಸಿ ಕೂಡಿಸಿದ ಮೇಲೆ ಮೊದಲು ಖಾಲಿಪುಟದಲ್ಲಿ ಅಕಾರದಿಂದ ಳಕಾರದವರೆಗೆ ವರ್ಣಮಾಲೆಯನ್ನು ಎರಡು ಸಾರಿ ಬರೆದು ನೋಡಿರಿ. ಅನಂತರ ಹಿಂದೆ ಕೀಲಿ ಅಂಟಿದ್ದಾಗ ಬರೆದ ಪಾಠಗಳನ್ನು ಹೊರತೆಗೆದು, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿರಲು ಮತ್ತೊಬ್ಬರು ಬರೆದುದನ್ನು ಬೆರಳಿಟ್ಟು ನೋಡುತ್ತ, 'ಅ' ಎಂಬ ಅಕ್ಷರದಿಂದ ಮೊದಲಾಗುವ ಶಬ್ದ ಬಂದಾಗಲೆಲ್ಲ ನಿಂತು ಹೋಲಿಸಿ ತಿದ್ದಿರಿ.